ಸಿಹಿನೀರೆಲ್ಲ ಮಷೀನಿಗೆ

ಗುಬ್ಬಿಯಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ನೀವೇನಾದರೂ ಹೋದರೆ, ಕುಡಿಯಲು ನೀರು ಕೇಳುವ ಮುಂಚೆ ಒಂದು ಸಲ ಯೋಚನೆ ಮಾಡಿ. ಕೊಡುವುದಿಲ್ಲ ಅಂತಲ್ಲ. ಕೊಡುತ್ತಾರೆ, ಫಳಫಳ ಹೊಳೆಯುವ ಲೋಟದಲ್ಲೇ ಕೊಡುತ್ತಾರೆ. ಆದರೆ ಅದು ಬೋರ್‌ವೆಲ್ ನೀರು. ನಮ್ಮ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಬೇಳೆ ಹಾಕಿದರೆ ಬೇಯುವುದಿಲ್ಲ, ಸೋಪು ಉಜ್ಜಿದರೆ ನೊರೆ ಬರುವುದಿಲ್ಲ, ಒಂದು ಗುಟುಕು ಕುಡಿದರೆ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಹಾಗಾದರೆ ಅಡುಗೆಮನೆಯ ಬಾಗಿಲ ಪಕ್ಕ ಸಾಲಾಗಿ ನಿಂತಿರುವ ಫಿಲ್ಟರ್ ನೀರಿನ ಕ್ಯಾನುಗಳು ಯಾರಿಗೆ? ಅವು ಮಷೀನಿನ ಸ್ನಾನಕ್ಕೆ!

ಮಷೀನು ಅಂದರೆ ಬಟ್ಟೆ ಒಗೆಯುವುದಲ್ಲ, ಹೊಲಿಯುವುದೂ ಅಲ್ಲ. ಮೆಟಲ್ ಡಿಟೆಕ್ಟರ್. ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ಪೊಲೀಸರು ನಮ್ಮ ಮೈಮೇಲೆ ಆಡಿಸುತ್ತಾರಲ್ಲ, ಅದರ ದೊಡ್ಡಣ್ಣ. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ತಟ್ಟೆ, ಹಿಡಿಯ ಹತ್ತಿರ ಪುಟ್ಟ ಡಬ್ಬಿ, ಕಿವಿಗೆ ಹೆಡ್‌ಫೋನು. ತಟ್ಟೆಯನ್ನು ನೆಲದ ಮೇಲೆ ಆಡಿಸುತ್ತ ಹೋದರೆ ಕೆಳಗೆ ಲೋಹ ಇದ್ದ ಕಡೆ ಕುಂಯ್ ಅನ್ನುತ್ತದೆ. ಗುಬ್ಬಿಯ ಅರ್ಧ ಹೆಣ್ಣುಮಕ್ಕಳಿಗೆ ರವಿಕೆ ಹೊಲಿಯುವುದನ್ನು ಕಲಿಸಿದ, ಮೊಮ್ಮಕ್ಕಳನ್ನು ಕಂಡಿರುವ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಇದನ್ನು ಹಿಡಿದು ಸಮುದ್ರದೊಳಗೆ ನಡೆಯುತ್ತಾರೆ ಅಂದರೆ ನೀವು ನಂಬುತ್ತೀರಾ? ಗುಬ್ಬಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಅನ್ನುತ್ತೀರಾ? ನಾವೂ ಬಾಯಿ ಬಿಟ್ಟುಕೊಂಡು ಅದನ್ನೇ ಕೇಳಿದೆವು.

ಸಂಬಂಧ ಬೆಳೆಸಿದವರು ನಮ್ಮ ಅಪ್ಪ. ಅತ್ತೆ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಅತ್ತೆಯ ಗಂಡ, ಅಂದರೆ ನಮ್ಮ ಮಾವ, ತೀರಿಕೊಂಡಾಗ ಎಲ್ಲರ ಹಾಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಯಲ್ಲಿ ಅಸ್ಥಿ ಬಿಟ್ಟು ಬಂದಿದ್ದರೆ ಮುಗಿದುಹೋಗುತ್ತಿತ್ತು. ಮಾವನಿಗೆ ಸಮುದ್ರ ಅಂದರೆ ಪ್ರಾಣವಾಗಿತ್ತು ಅಂತ ಅಪ್ಪ ಎಲ್ಲರನ್ನೂ ಗೋಕರ್ಣಕ್ಕೇ ಹೊರಡಿಸಿದರು. ನಮ್ಮ ಮನೆಯಲ್ಲಿ ಅಪ್ಪ ಯಾರನ್ನೂ ಏನನ್ನೂ ಕೇಳಿದವರಲ್ಲ. ನನ್ನ ಮದುವೆಯ ಶರ್ಟಿನ ಬಣ್ಣದಿಂದ ಹಿಡಿದು ಅಮ್ಮನ ಕಣ್ಣಿನ ಆಪರೇಷನ್ನಿನವರೆಗೆ ಎಲ್ಲವನ್ನೂ ಅವರೇ ತೀರ್ಮಾನ ಮಾಡಿ ಆಮೇಲೆ ನಮಗೆ ತಿಳಿಸುತ್ತಾರೆ. ಕಾರ್ಯದ ದಿನ ಅತ್ತೆಯ ಕೊರಳಿಂದ ತೆಗೆದ ತಾಳಿಯನ್ನು ಜೋಪಾನವಾಗಿಡಲಿ ಅಂತ ಹೆಂಗಸರು ಅಪ್ಪನ ಕೈಗೇ ಕೊಟ್ಟಿದ್ದರು. ಅದು ಬೀರುವಿನಲ್ಲಿದೆ ಅಂತಲೇ ಅತ್ತೆ ತಿಳಿದುಕೊಂಡಿದ್ದರು. ಅಪ್ಪ ಅದನ್ನು ಅಸ್ಥಿಯ ಕುಡಿಕೆಗೆ ಹಾಕಿದ್ದರು, ಕಟ್ಟಿದವನ ಜೊತೆಗೇ ಹೋಗಲಿ ಅಂತ. ಅಲೆಗೆ ಸಿಕ್ಕಿ ಕುಡಿಕೆ ಮಗುಚಿದಾಗ ಕರಿಮಣಿಯ ತುದಿ ಅತ್ತೆಗೆ ಒಮ್ಮೆ ಕಂಡಿತು. ಇನ್ನೊಂದು ಅಲೆ ಬಂತು, ಅದೂ ಇಲ್ಲ.

ಅತ್ತೆ ಅಲ್ಲಿ ಕೂಗಾಡಲಿಲ್ಲ. ವಾಪಸ್ ಬರುವಾಗ ಹೋಟೆಲಿನಲ್ಲಿ ಇಡ್ಲಿಯನ್ನೂ ತಿಂದರು. ವರ್ಷದ ತಿಥಿಯ ದಿನ, ನೆಂಟರೆಲ್ಲ ಎಲೆ ಮುಂದೆ ಕೂತಿದ್ದಾಗ, ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ನನ್ ತಾಳಿ ನಂಗ್ ಬೇಕು. ನನ್ನ ಕೇಳ್ದೆ ಹಾಕವ್ರೆ. ನಾನೂ ಯಾರ್ನೂ ಕೇಳ್ದೆ ತರ್ತೀನಿ."

ಪಂಕ್ತಿಯಲ್ಲಿ ಕೂತವರ ತುತ್ತು ಕೈಯಲ್ಲೇ ಉಳಿಯಿತು. ಸಾರು ಎಲೆ ದಾಟಿ ಹರಿದರೂ ಯಾರಿಗೂ ಅಡ್ಡ ಹಾಕಬೇಕು ಅನ್ನಿಸಲಿಲ್ಲ. ವಾರ ಕಳೆಯುವುದರೊಳಗೆ ಮಷೀನು ಕೊರಿಯರಿನಲ್ಲಿ ಬಂದೇ ಬಂತು.

ಸಮುದ್ರದಲ್ಲಿ ತಾಳಿ ಹುಡುಕುವುದು ಒಂದು ಹುಚ್ಚು ಅಂತಲೇ ಇಟ್ಟುಕೊಳ್ಳಿ. ಅದರ ಅಪ್ಪನಂಥ ಹುಚ್ಚು ಹುಡುಕಿ ಬಂದ ಮೇಲೆ ಶುರುವಾಗುತ್ತದೆ. ಉಪ್ಪುನೀರು ಮಷೀನಿಗೆ ವಿಷವಂತೆ. ಹಾಗೇ ಒಣಗಲು ಬಿಟ್ಟರೆ ಉಪ್ಪು ಸಂದುಗೊಂದಿನಲ್ಲಿ ಕೂತು ತಿರುಪು, ತಂತಿ, ಸ್ಪ್ರಿಂಗು ಎಲ್ಲವನ್ನೂ ತಿಂದುಹಾಕುತ್ತದಂತೆ. ಅದಕ್ಕೆ ದಡದ ನಲ್ಲಿಯ ಕೆಳಗೆ ಒಂದು ಸ್ನಾನ, ಊರಿಗೆ ಬಂದ ಮೇಲೆ ಶಾಸ್ತ್ರೋಕ್ತವಾಗಿ ಇನ್ನೊಂದು. ಬೋರ್‌ವೆಲ್ ನೀರು ಕೂಡದು, ಅದರಲ್ಲೂ ಉಪ್ಪೇ ಇರುವಾಗ ಕೆಸರಿನಿಂದ ಕೆಸರು ತೊಳೆದ ಹಾಗಲ್ಲವೇ?

ಆ ಸ್ನಾನ ಮೊದಲ ಸಲ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ತುಮಕೂರಿನಿಂದ ಒಂದು ಭಾನುವಾರ ಹೋಗಿದ್ದೆ. ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿದ್ದಾರೆ. ಕಾಲ ಮೇಲೆ ಏನೋ ಮಲಗಿದೆ. ಚೊಂಬಿನಿಂದ ಮೆಲ್ಲಗೆ ನೀರು ಬಿಡುತ್ತ, ಅಂಗೈಯಲ್ಲಿ ಸವರುತ್ತ, ಬಾಣಂತನಕ್ಕೆ ಬಂದ ಅಜ್ಜಿಯ ಹಾಗೆ ಏನೋ ಗುನುಗುತ್ತಿದ್ದಾರೆ. ನಮ್ಮ ಇಡೀ ಬಳಗದಲ್ಲಿ ಆಗ ಯಾರ ಮನೆಯಲ್ಲೂ ಎಳೆಗೂಸು ಇರಲಿಲ್ಲ! ಇದು ಯಾರ ಕೂಸು, ಯಾವಾಗ ಹುಟ್ಟಿತು, ನಮಗೇಕೆ ಹೇಳಲಿಲ್ಲ ಅಂತ ನಾನು ಬೆವರುತ್ತಿರುವಾಗ ಅವರು ಕೂಸನ್ನು ಮಗ್ಗುಲಾಗಿಸಿದರು. ತಟ್ಟೆ ಕಂಡಿತು. ಬಿಸಿನೀರು ತರಲೇ ಅಂತ ಕೇಳಿದ್ದಕ್ಕೆ, ಬಿಸಿನೀರು ಹಾಕಿದರೆ ಅದಕ್ಕೆ ಆಗಿ ಬರುವುದಿಲ್ಲ ಅಂತ ನನ್ನನ್ನೇ ಗದರಿದರು.

ಸ್ನಾನವಾದ ಮೇಲೆ ತಟ್ಟೆಯ ಕೆಳಗಿನ ಮುಚ್ಚಳ ಬಿಚ್ಚಿ, ಒಳಗೆ ಸೇರಿದ ಮರಳನ್ನು ತೊಳೆಯಬೇಕು. ಆಮೇಲೆ ಮೆತ್ತನೆ ಪಂಚೆಯಲ್ಲಿ ಒರೆಸಬೇಕು. ಬಿಸಿಲಿಗೆ ಇಡಬಾರದು, ನೆರಳಲ್ಲೇ ಒಣಗಬೇಕು. ಆದ್ದರಿಂದ ಹಾಲಿನ ದಿವಾನದ ಮೇಲೆ ಫ್ಯಾನಿನ ಕೆಳಗೆ ಮಷೀನು ಮಲಗಿರುತ್ತದೆ, ಬಂದ ನೆಂಟರು ಚಾಪೆಯ ಮೇಲೆ ಕೂತಿರುತ್ತಾರೆ. ಕೊನೆಗೆ ಬ್ಯಾಟರಿ ಡಬ್ಬಿಯ ಬಾಯಿಗಿರುವ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಉಂಗುರಕ್ಕೆ ಪುಟ್ಟ ಟ್ಯೂಬಿನ ಗ್ರೀಸನ್ನು ಬೆರಳ ತುದಿಯಲ್ಲಿ ಕಾಡಿಗೆಯ ಹಾಗೆ ತೀಡುತ್ತಾರೆ. ದೃಷ್ಟಿ ತೆಗೆಯುವುದೊಂದು ಬಾಕಿ.

ಒಮ್ಮೆ ಗೋಕರ್ಣದಿಂದ ನೇರವಾಗಿ ತುಮಕೂರಿಗೆ, ನಮ್ಮ ಮನೆಗೇ ಬಂದಿಳಿದರು. ಬೆಳಿಗ್ಗೆ ಎದ್ದು ಹಲ್ಲುಜ್ಜಿದೆ. ಬಾಯಲ್ಲಿ ಕರಕರ. ಪೇಸ್ಟು ಹಳೆಯದಾಗಿರಬೇಕು ಅಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಇನ್ನೂ ಕರಕರ. ಹೊರಗೆ ಬಂದು ನೋಡಿದರೆ ತಟ್ಟೆಯ ಮುಚ್ಚಳ ಲಕಲಕ ಹೊಳೆಯುತ್ತಿದೆ. ಸಂದಿಗೆ ಹೋಗುವಷ್ಟು ಸಣ್ಣ ಬ್ರಷ್ಷು ಮನೆಯಲ್ಲಿ ನನ್ನದೊಂದೇ ಇತ್ತಂತೆ. ನಾನು ಉಗುಳುತ್ತ ನಿಂತಿದ್ದರೆ, ಪುಣ್ಯಕ್ಷೇತ್ರದ ಮರಳು, ಏನೂ ಆಗುವುದಿಲ್ಲ ಅಂತ ಸಮಾಧಾನ ಬೇರೆ!

ಇಂಥ ಸುದ್ದಿ ಊರಲ್ಲಿ ನಿಲ್ಲುತ್ತದೆಯೇ? ಗುಬ್ಬಿಯಲ್ಲಿ ಒಬ್ಬಾಕೆ ನಿಧಿ ಹುಡುಕುತ್ತಾಳೆ ಅಂತ ಹಬ್ಬಿತು. ಹುತ್ರಿದುರ್ಗದ ಬೆಟ್ಟದ ಕಡೆಯವನೊಬ್ಬ ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ಬಂದೇ ಬಿಟ್ಟ. ಕೋಟೆಯ ಕಾಲದಿಂದ ತಮ್ಮ ಹಿತ್ತಲಲ್ಲಿ ಹೊನ್ನಿನ ಕೊಪ್ಪರಿಗೆ ಇದೆ, ಅಜ್ಜಿಯ ಕನಸಲ್ಲಿ ಬಂದು ಹೇಳಿದೆ ಅಂತ ಅವನ ವಾದ. ಅತ್ತೆ ಪೂರ್ತಿ ಕೇಳಿಸಿಕೊಂಡು, ನಮ್ಮದು ಸಮುದ್ರದ ಮಷೀನು, ಬೆಟ್ಟ ಹತ್ತುವುದಿಲ್ಲ ಅಂದರು. ಆಮೇಲೆ ಅವನೂರಲ್ಲಿ ಮಳೆ ಚೆನ್ನಾಗಿ ಆಗಿದೆಯೇ, ಸೂರಿನ ನೀರು ಹಿಡಿದಿಟ್ಟಿದ್ದಾರೆಯೇ ಅಂತ ವಿಚಾರಿಸಿದರು. ಮಳೆನೀರಿನಲ್ಲಿ ಉಪ್ಪು ಇರುವುದಿಲ್ಲವಲ್ಲ! ನಿಧಿ ಕೇಳಲು ಬಂದವನು ಮುಂದಿನ ವಾರ ಎರಡು ಕೊಡ ಮಳೆನೀರು ತಂದಿಳಿಸಿ ಹೋದ.

ಕುಣಿಗಲ್ಲಿನ ಮದುವೆಯದ್ದಂತೂ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಚಿಕ್ಕಪ್ಪನ ಮಗಳ ಮದುವೆ. ಧಾರೆ ಮುಗಿದ ಮೇಲೆ ಹುಡುಗಿಯ ಒಂದು ಜುಮಕಿ ಕಾಣುತ್ತಿಲ್ಲ ಅಂತ ಗದ್ದಲವಾಯಿತು. ಅತ್ತೆ ಕಂಬಳಿಯಲ್ಲಿ ಸುತ್ತಿದ್ದ ಮಷೀನನ್ನು ಬಿಚ್ಚಿದರು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗುವುದಿಲ್ಲ. ಹೆಡ್‌ಫೋನು ತೆಗೆದಿಟ್ಟಿದ್ದರಿಂದ ಛತ್ರದ ತುಂಬ ಕುಂಯ್ ಕುಂಯ್. ಕುರ್ಚಿ ಕೂಗಿತು, ಹೇರ್‌ಪಿನ್ನು ಕೂಗಿತು, ಗಂಡಿನ ತಾತನ ಮಂಡಿಯೂ ಕೂಗಿತು. ಆಪರೇಷನ್ ಆಗಿತ್ತಂತೆ, ಬೀಗರು ನಮಗೆ ಹೇಳಿರಲಿಲ್ಲ. ಅಲ್ಲಿಂದ ಮುಂದೆ ಗಂಡಿನ ದೊಡ್ಡಮ್ಮ ಕೂತಿದ್ದರು. ಅವರ ಸೊಂಟದ ಹತ್ತಿರ ಹೋದ ಮಷೀನು ಇದ್ದಕ್ಕಿದ್ದಂತೆ ಕಿರುಚಲು ಶುರು ಮಾಡಿತು. ಆಕೆ ಗಾಬರಿಯಿಂದ ಎದ್ದು ನಿಂತರು. ಸೆರಗಿನ ಗಂಟಿನಿಂದ ನಮ್ಮ ಮನೆಯ ಬೆಳ್ಳಿಯ ಕುಂಕುಮದ ಬಟ್ಟಲು ಟಣ್ ಅಂತ ಕೆಳಗೆ ಬಿತ್ತು!

ವಾಲಗದವರೂ ಊದುವುದನ್ನು ನಿಲ್ಲಿಸಿದರು. ಯಾರ ಕೈಗೂ ಸಿಗದಿರಲಿ ಅಂತ ಎತ್ತಿಟ್ಟುಕೊಂಡಿದ್ದೆ ಅಂತ ಆಕೆ ತೊದಲಿದರು. ನಮ್ಮ ಅತ್ತೆ ಅವರ ಮುಖ ನೋಡದೆ ಲೋಹಕ್ಕೊಂದು ನಂಬರು ತೋರಿಸುವ ಮಷೀನಿನ ಪರದೆ ನೋಡುತ್ತ, ಬೆಳ್ಳಿ ಅಸಲಿದೆ, ನಂಬರು ಚೆನ್ನಾಗಿ ಬಂತು ಅಂತ ಮೆಚ್ಚಿಕೊಂಡರು. ಜುಮಕಿ ಹುಡುಗಿಯ ಮೊಗ್ಗಿನ ಜಡೆಯಲ್ಲೇ ಸಿಕ್ಕಿಕೊಂಡಿತ್ತು. ಅದು ಸಿಕ್ಕಿದ್ದು ಬರಿಗೈಗೆ, ಮಷೀನಿಗಲ್ಲ.

ಇಷ್ಟೆಲ್ಲ ಕೂಗುವ ಮಷೀನಿಗೆ ಸಮುದ್ರದಲ್ಲಿ ಸಿಗುತ್ತಿದ್ದದ್ದಾದರೂ ಏನು? ಬಾಟ್ಲಿ ಮುಚ್ಚಳ, ತುಕ್ಕು ಹಿಡಿದ ಕೊಕ್ಕೆ, ಯಾರದೋ ಸ್ಕೂಟರಿನ ಕೀ. ಒದ್ದೆ ಮರಳಿನ ಉಪ್ಪಿಗೂ ಅದು ಸುಮ್ಮಸುಮ್ಮನೆ ಕುಂಯ್ ಅನ್ನುತ್ತದಂತೆ. ಪ್ರತಿ ಕುಂಯ್‌ಗೂ ಅತ್ತೆ ಬಗ್ಗಿ ಮರಳು ತೋಡುತ್ತಾರೆ. ಬರಿಗೈಯಲ್ಲಿ ಬಂದು, ಮತ್ತೆ ಅದಕ್ಕೆ ಎರೆದು, ಒರೆಸಿ, ಮುಂದಿನ ಸಲಕ್ಕೆ ಸಿದ್ಧ ಮಾಡುತ್ತಾರೆ. ಅದೊಂದು ಕೆಟ್ಟರೆ ತಾಳಿಯ ಆಸೆಯೂ ಹೋಯಿತು ಅಂತ ಅವರ ಭಯ. ಇನ್ನೊಂದು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಅಪ್ಪ ಮಾತ್ರ ಮಷೀನು ಬಂದಾಗಿನಿಂದ ತಂಗಿಯ ಮನೆಯ ಹೊಸಲು ತುಳಿದಿರಲಿಲ್ಲ. ಅವಲಕ್ಷಣ, ಮರ್ಯಾದೆ ಹೋಯಿತು, ಸತ್ತವನ ಜೊತೆ ಹೋದದ್ದನ್ನು ವಾಪಸ್ ಬೇಡುವವರುಂಟೇ ಅಂತ ಒಂದೇ ಸಮನೆ ಗೊಣಗುತ್ತಿದ್ದರು. ಆದರೆ ನಾನು ಗುಬ್ಬಿಯಿಂದ ಬಂದಾಗಲೆಲ್ಲ, ಅವಳು ಸರಿಯಾಗಿ ತೊಳೆದಿರುವುದಿಲ್ಲ, ಅಂತ ಪೇಪರಿನ ಹಿಂದಿನಿಂದ ಒಂದು ಮಾತು ಬರುತ್ತಿತ್ತು. ಅಂಥವರು ಈ ಸಲದ ಆಯುಧಪೂಜೆಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಗುಬ್ಬಿಗೆ ಹೋಗಿಬಿಟ್ಟರು. ನಮಗೆಲ್ಲ ಗರ ಬಡಿದ ಹಾಗಾಯಿತು.

ನಮ್ಮ ಮನೆತನದಲ್ಲಿ ಯಾವ ಯಂತ್ರ ಕಂಡರೂ ಹರಳೆಣ್ಣೆ ಬಿಡುವುದು ರೂಢಿ. ಹೊಲಿಗೆ ಮಷೀನಿಗೆ, ಗೇಟಿನ ಕೀಲಿಗೆ, ಸೈಕಲ್ ಚೈನಿಗೆ, ಕೊನೆಗೆ ನಮ್ಮ ನೆತ್ತಿಗೂ ಅದೇ. ಅತ್ತೆ ಅಡುಗೆಮನೆಯಲ್ಲಿದ್ದಾಗ ಅಪ್ಪ ಮಷೀನಿಗೆ ಹೂವು ಏರಿಸಿ, ಕುಂಕುಮ ಇಟ್ಟರು. ಬ್ಯಾಟರಿ ಡಬ್ಬಿಯ ರಬ್ಬರ್ ಉಂಗುರ ಒಣಗಿದೆ ಅನ್ನಿಸಿ, ಎಂದಿನಂತೆ ಯಾರನ್ನೂ ಕೇಳದೆ, ಅದಕ್ಕೂ ಧಾರಾಳವಾಗಿ ಹರಳೆಣ್ಣೆ ಬಳಿದು ಬಂದರು. ಎಣ್ಣೆ ಕುಡಿದ ರಬ್ಬರು ನೆನೆದ ಕಡಲೆಯ ಹಾಗೆ ಉಬ್ಬಿತು. ಮುಚ್ಚಳ ಬಿಗಿಯಾಗಿ ಕೂರಲಿಲ್ಲ. ಮುಂದಿನ ಸಲ ಅಲೆಯೊಳಗೆ ಇಳಿಯುತ್ತಿದ್ದಂತೆಯೇ ಮಷೀನು ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಸುದ್ದಿ ತಿಳಿದು ನಾನೂ ಅಪ್ಪನೂ ಗುಬ್ಬಿಗೆ ಓಡಿದೆವು. ಡಬ್ಬಿ ಬಿಚ್ಚಿದರೆ ಒಳಗೆಲ್ಲ ಉಪ್ಪುನೀರು, ಸ್ಪ್ರಿಂಗಿಗೆ ಆಗಲೇ ಹಸಿರು ಕಿಲುಬು. ಉಬ್ಬಿದ ಉಂಗುರವನ್ನು ಅತ್ತೆ ಬೆರಳಲ್ಲಿ ಉಜ್ಜಿ ಮೂಸಿದರು. ಯಾರು ಎಣ್ಣೆ ಹಾಕಿದ್ದು ಅಂತ ಕೇಳಬೇಕಾಗಿರಲಿಲ್ಲ, ಆದರೂ ಕೇಳಿದರು. ಅಪ್ಪ ನಾನೇ ಅಂದರು. ಈಗ ಸಿಡಿಲು ಬೀಳುತ್ತದೆ ಅಂತ ನಾನು ಗೋಡೆಗೆ ಒತ್ತಿಕೊಂಡೆ. ಬೀಳಲಿಲ್ಲ. ಅತ್ತೆ ಮಷೀನನ್ನು ಎತ್ತಿಕೊಂಡು ಬಚ್ಚಲಿಗೆ ಹೋದರು.

ಅಪ್ಪ ಅಂಗಿಯ ತೋಳು ಮಡಿಸಿ ಹಿಂದೆಯೇ ಹೋದರು! ಮನೆಯಲ್ಲಿ ಕುಡಿದ ಲೋಟವನ್ನು ಕೂತ ಕಡೆಯೇ ಬಿಟ್ಟೇಳುವ ಮನುಷ್ಯ, ಚೊಂಬು ಹಿಡಿದು ಕುಕ್ಕರುಗಾಲಲ್ಲಿ ಕೂತರು. ಅತ್ತೆ ಬ್ರಷ್ಷಿನಲ್ಲಿ ಕಿಲುಬು ಉಜ್ಜುತ್ತಿದ್ದರು, ಅಪ್ಪ ಸಣ್ಣಗೆ ನೀರು ಬಿಡುತ್ತಿದ್ದರು. ಮಷೀನು ಬದುಕುತ್ತದೆಯೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ನಾನು ಪಂಚೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀರಿನ ಧಾರೆ ಅಲ್ಲಾಡುತ್ತಿತ್ತು. ನೀರು ಸ್ಪ್ರಿಂಗಿನ ಪಕ್ಕಕ್ಕೆ ಬೀಳುತ್ತಿತ್ತು.

"ಅವತ್ತು ನಿನ್ನ ಒಂದ್ ಮಾತು ಕೇಳ್ಬೇಕಿತ್ತು ಕಣಮ್ಮ," ಅಂದರು, ಚೊಂಬು ನೋಡುತ್ತಲೇ.

ಅತ್ತೆಯ ಬ್ರಷ್ಷು ನಿಂತಿತು. "ನೀನ್ ಕೇಳಿದ್ರೆ ನಾನೇ ಹಾಕು ಅಂತಿದ್ದೆ ಕಣಣ್ಣ. ಅವ್ರ ಜೊತೆಗೇ ಹೋಗ್ಲಿ ಅಂತಿದ್ದೆ. ನೀನ್ ಕೇಳ್ಲಿಲ್ಲ. ಅದ್ಕೇ ಹುಡುಕ್ತಾ ಇರೋದು."

ಅಪ್ಪನ ಕಣ್ಣಿಂದ ನೀರು ಇಳಿಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಜ್ಜಿ ಸತ್ತಾಗಲೂ ಇಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ಕೈಯಲ್ಲಿದ್ದ ಪಂಚೆಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಅತ್ತೆ ಏನೂ ಆಗದವರ ಹಾಗೆ ಅಣ್ಣನ ಮಣಿಕಟ್ಟನ್ನು ಹಿಡಿದು, ಚೊಂಬನ್ನು ಸ್ಪ್ರಿಂಗಿನ ಮೇಲಕ್ಕೆ ಸರಿಸಿದರು. ಇಬ್ಬರೂ ಸೇರಿ ಸ್ಪ್ರಿಂಗು, ತಂತಿ, ತಿರುಪು ಎಲ್ಲವನ್ನೂ ಒಂದೊಂದಾಗಿ ತೊಳೆದರು.

ಆಮೇಲೆ ಅಪ್ಪ ಮೂಗು ಒರೆಸಿಕೊಂಡು, ಹಿಂದೆಂದೂ ಕೇಳಿರದ ಒಂದು ಸಣ್ಣ ದನಿಯಲ್ಲಿ ಅಂದರು, "ಮುಂದಿನ್ ಸಲ ಗೋಕರ್ಣಕ್ಕೆ ಹೋಗೋವಾಗ ನಾನೂ ಬರ್ಲೇನಮ್ಮ?"

ಅತ್ತೆ ಬ್ರಷ್ಷು ಕೆಳಗಿಟ್ಟು ಅಣ್ಣನ ಮುಖ ನೋಡಿದರು.

"ಕೇಳ್ದೆಯಲ್ಲಣ್ಣ," ಅಂದರು. "ಬಾ."