ಗುರುಸಿದ್ದಯ್ಯನವರ ಬಿಸಿಲುನೀರು

"ಶಿವನ ಬಲಗಣ್ಣೇ ಸೂರ್ಯನಾಗಿ ಬೆಳಗುತ್ತಿರುವಾಗ, ನಿನ್ನ ಎರಡು ಕಣ್ಣೂ ಹೊಗೆಗೆ ಸಿಕ್ಕಿ ಯಾಕೆ ಕೆಂಪಾಗ್ಬೇಕು ನೀಲಾ? ಇನ್ನು ನಮ್ಮ ಮನೆಗೆ ನೀರು ಕಾಯಿಸೋನು ಅವನೇ."

ಹೀಗೆಂದು ಘೋಷಿಸಿದವರು ರಾಜಾಜಿನಗರದ ಹೊಸ ಬಡಾವಣೆಯ ಗುರುಸಿದ್ದಯ್ಯನವರು. ಬಚ್ಚಲ ಒಲೆಯ ಮುಂದೆ ಊದುಕೊಳವೆ ಹಿಡಿದು ಕೆಮ್ಮುತ್ತಿದ್ದ ಅವರ ಧರ್ಮಪತ್ನಿ ನೀಲಮ್ಮನವರಿಗೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ. ಆ ಮೌನವನ್ನು ಪತಿದೇವರು ಸಮ್ಮತಿಯೆಂದೇ ಬಗೆದರು.

ಕೆಲವೇ ದಿನಗಳಲ್ಲಿ ತಾರಸಿಯ ಮೇಲೆ ತಗಡಿನ ತೊಟ್ಟಿಯೊಂದು ಪ್ರತಿಷ್ಠಾಪಿತವಾಯಿತು. ಮೈಗೆಲ್ಲ ಕಪ್ಪು ಬಣ್ಣ, ಮೇಲೊಂದು ಗಾಜಿನ ಮುಚ್ಚಳ. ಮಧ್ಯಾಹ್ನ ಬೆರಳದ್ದಿದರೆ ಚುರುಕ್ಕೆನ್ನುವಷ್ಟು ಬಿಸಿ. ಹರ್ಷಕ್ಕೆ ಮೇರೆಯಿಲ್ಲದಂತಾಗಿ ಗುರುಸಿದ್ದಯ್ಯನವರು ಬಚ್ಚಲ ಒಲೆಯನ್ನು ಕೀಳಿಸಿ, ಉಳಿದ ಸೌದೆಯನ್ನು ಪಕ್ಕದ ಮನೆಯ ಬೋರಮ್ಮನಿಗೆ ದಾನಮಾಡಿಬಿಟ್ಟರು.

"ಒಲೆ ಇರ್ಲಿ ಬಿಡಿ ಅಂದ್ರೆ ಕೇಳ್ಲಿಲ್ಲ," ಎಂದು ನೀಲಮ್ಮ ಗೊಣಗಿದರು. " ಮೊದಲ್ನೇ ದೀಪಾವಳಿಗೆ ಅಳಿಯಂದಿರು ಬರ್ತಾ ಇದಾರೆ."

"ಬರ್ಲಿ. ಸಾಕ್ಷಾತ್ ಸೂರ್ಯನೇ ಕಾಯಿಸಿದ ನೀರಲ್ಲಿ ಮೀಯೋ ಯೋಗ ಇನ್ಯಾವ ಅಳಿಯನಿಗಿದೆ ಹೇಳು?"

ನರಕ ಚತುರ್ದಶಿಯ ಬೆಳಗಿನ ಜಾವ. ಆಕಾಶದಲ್ಲಿ ಇನ್ನೂ ನಕ್ಷತ್ರಗಳಿದ್ದವು. ಮಗಳು ಜಯದೇವಿ ಗಂಡನ ನೆತ್ತಿಗೆ ಎಣ್ಣೆಯಿಟ್ಟು ಆರತಿ ಎತ್ತಿದ್ದಳು. ತಾವೂ ಎಣ್ಣೆಯಲ್ಲಿ ಮಿರುಗುತ್ತಿದ್ದ ಗುರುಸಿದ್ದಯ್ಯನವರು ಬಿಂದಿಗೆ ಹಿಡಿದು ತಾರಸಿಯೇರಿ ತೊಟ್ಟಿಗೆ ಕೈಯಿಟ್ಟರು. ಹಿಂದಿನ ಮಧ್ಯಾಹ್ನದ ಬಿಸಿಯೆಲ್ಲ ಆರಿ, ನೀರು ಹಿಮವಂತನ ಮನೆಯಿಂದ ಈಗತಾನೆ ಇಳಿದುಬಂದಂತಿತ್ತು.

"ರೀ, ನೀರು?" ಕೆಳಗಿನಿಂದ ನೀಲಮ್ಮ ಕೂಗಿದರು.

"ಸ್ವಲ್ಪ ತಾಳು. ಅವನಿನ್ನೂ ಹುಟ್ಟಿಲ್ಲ."

"ಯಾರು?"

"ಸೂರ್ಯ."

"ಹಬ್ಬದ ಎಣ್ಣೆನೀರು ಸೂರ್ಯ ಹುಟ್ಟೋಕ್ಮುಂಚೆ ಮುಗೀಬೇಕು ಅಂತ ಬೀದಿಗೆಲ್ಲ ಶಾಸ್ತ್ರ ಹೇಳೋರು ಯಾರು?"

ಮಣೆಯ ಮೇಲೆ ಮುದುರಿ ಕುಳಿತಿದ್ದ ಅಳಿಯ, "ಪರವಾಗಿಲ್ಲ ಮಾವ, ತಣ್ಣೀರೇ..." ಎಂದ. ಉಳಿದ ಮಾತನ್ನು ಅವನ ಹಲ್ಲುಗಳು ಕಟಕಟನೆ ಪೂರೈಸಿದವು.

ಸಕಲ ಶಾಸ್ತ್ರಗಳನ್ನೂ ತಾರಸಿಯ ಮೇಲೆಯೇ ಬಿಟ್ಟು, ಎಣ್ಣೆ ತೊಟ್ಟಿಕ್ಕಿಸುತ್ತ, ಗುರುಸಿದ್ದಯ್ಯನವರು ಬೋರಮ್ಮನ ಬಾಗಿಲಿಗೆ ನಡೆದರು.

"ಸಂಕೋಚ ಯಾಕೆ ಸ್ವಾಮಿ, ಮೊಗೆದ್ಕೊಳಿ," ಎಂದಳು ಬೋರಮ್ಮ. "ನಿಮ್ ಸೌದೇಲೇ ಕಾಯ್ಸಿರೋದು."

ಮಗಳು ಅಳಿಯಂದಿರ ಸ್ನಾನ ಅಂತೂ ಮುಗಿಯಿತು. ತಂದ ನೀರು ಅವರಿಬ್ಬರಿಗೇ ಸರಿಹೋಗಿ, ಗುರುಸಿದ್ದಯ್ಯನವರು ಎಣ್ಣೆಮೈಯಲ್ಲೇ ಉಳಿದರು. ಅಡುಗೆ, ಬಡಿಸಾಟದ ನಡುವೆ ನೀಲಮ್ಮನವರಿಗೆ ಬಿಡುವಾದದ್ದು ಮಧ್ಯಾಹ್ನಕ್ಕೆ. ಅಷ್ಟರಲ್ಲಿ ಸಹಸ್ರಕಿರಣನು ಸಕಲ ವೈಭವದಿಂದ ತಾರಸಿಗೆ ಚಿತ್ತೈಸಿದ್ದ. ತೊಟ್ಟಿಯ ನೀರು ಹಬೆಯಾಡುತ್ತಿತ್ತು. ಗುರುಸಿದ್ದಯ್ಯನವರು ತೊಟ್ಟಿ ಬರಿದಾಗುವವರೆಗೂ ಬಿಂದಿಗೆಯ ಮೇಲೆ ಬಿಂದಿಗೆ ಹೊತ್ತು ತಂದು ಬಚ್ಚಲ ಹಂಡೆಯನ್ನು ತುಂಬಿಸಿದರು.

ಬಾಗಿಲು ಮುಚ್ಚಿತು. ಗುರುಸಿದ್ದಯ್ಯನವರು ಹೊರಗೆ ಕಿವಿಗೊಟ್ಟು ನಿಂತರು. ಕೆಮ್ಮಿಲ್ಲ. ತಂಬಿಗೆಯ ಹಿಂದೆ ತಂಬಿಗೆ ನೀರು ಸುರಿಯುವ ಸದ್ದು; ನಡುವೆ ಮದುವೆಯಾದ ಹೊಸತರಲ್ಲಿ ಕೇಳಿದ್ದ ಒಂದು ಗುನುಗು.

ಬಹಳ ಹೊತ್ತಿನ ಮೇಲೆ ನೀಲಮ್ಮ ಹೊರಗೆ ಬಂದರು. ಕಣ್ಣು ತಿಳಿಯಾಗಿತ್ತು.

"ಹೇಗಿತ್ತು ನೀಲಾ?"

"ಹಬ್ಬದ ದಿನ ಸುಖವಾಗಿ ಮಿಂದದ್ದು ಇದೇ ಮೊದಲು ಕಣ್ರೀ."

ಗುರುಸಿದ್ದಯ್ಯನವರ ಎದೆ ಎರಡು ಗೇಣು ಉಬ್ಬಿತು. ಟವಲು ಹೆಗಲಿಗೇರಿಸಿ ರಾಜಗಾಂಭೀರ್ಯದಿಂದ ಬಚ್ಚಲು ಹೊಕ್ಕು ಹಂಡೆಗೆ ತಂಬಿಗೆ ಇಳಿಸಿದರು. ಅದು ಠಣ್ಣೆಂದು ತಳಕ್ಕೆ ಬಡಿಯಿತು.

"ನೀಲಾ, ನೀರೇ ಇಲ್ಲವಲ್ಲೇ?"

ನೀಲಮ್ಮ ಕೂದಲೊರೆಸಿಕೊಳ್ಳುತ್ತ ಮೆಲ್ಲನೆ ನಕ್ಕರು. "ಕೊನೇಲಿ ಮೀಯೋರಿಗೆ ಯಾವತ್ತೂ ಅಷ್ಟೇ ಉಳಿಯೋದು. ಇಷ್ಟು ವರ್ಷ ನಿಮಗೆ ಗೊತ್ತಿರಲಿಲ್ಲ, ಅಷ್ಟೇ."