ಕಾಗದದ ಜೋಳ, ತಾಟಿನ ಹತ್ತಿ

ಶಿರಹಟ್ಟಿ ಸೀಮೆಗೆ ಸಬ್ಸಿಡಿ ತಂದವನೇ ನಾನು. ದಿಲ್ಲಿಯವರು ನನ್ನನ್ನು ಕೇಳಿಯೇ ಅದನ್ನು ಶುರು ಮಾಡಿದರು. ಸುಳ್ಳು ಬಿಡ್ರಿ. ದಿಲ್ಲಿ ಹೋಗಲಿ, ನಮ್ಮ ಮನೆಯಲ್ಲಿ ನನ್ನನ್ನು ಕೇಳಿ ಸಾರಿಗೆ ಉಪ್ಪು ಹಾಕಿದವರೂ ಇಲ್ಲ. ನಾನು ಲಕ್ಷ್ಮೇಶ್ವರದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಆದರೆ ಸರಕಾರ ರೈತರಿಗೆ ಏನೋ ಕೊಡ್ತೀನಿ ಅಂದಾಗಲೆಲ್ಲ ಒಂದು ಫಜೀತಿ ಆಗಿಯೇ ಆಗುತ್ತದೆ, ಅದರ ನಡುವೆ ನಾನು ಇದ್ದೇ ಇರುತ್ತೇನೆ.

ಎಪ್ಪತ್ತರ ದಶಕದ ಮಾತು. ಹೊಸ ತಳಿಯ ಹತ್ತಿ ಬಿತ್ತಿದವರಿಗೆ ಸಬ್ಸಿಡಿ ಎಂದು ಸಾರಿದರು. ಶಿಗ್ಲಿ ಕಡೆಯ ಹಳ್ಳಿಯೊಂದರಲ್ಲಿ ನನಗೆ ಹತ್ತಿ ಕೊಡುವ ದೊಡ್ಡವ್ವ ಒಬ್ಬಾಕೆ ಇದ್ದಳು. ಹಾಲು ಕೊಡುವ ಎಮ್ಮಿ ಮಾರಿ ಆ ಬೀಜ ತಂದಳು. ಸಬ್ಸಿಡಿ ಬಂದರೆ ಎಮ್ಮಿ ತಿರುಗಿ ಮನೆಗೆ. ಬರದಿದ್ದರೆ ಆಕೆಗೆ ಜನ್ಮಪೂರ್ತಿ ಕರಿ ಚಾ.

೧. ಕಟ್ಟೆಯ ಮೇಲಿಂದ ಕಂಡದ್ದು

ಯಾರ ಹೊಲದಲ್ಲಿ ಏನು ಬೆಳೆ ಎಂದು ಬರೆಯುವವನು ತಲಾಠಿ. ಅವನ ಪದ್ಧತಿ ಸರಳ. ಬೇವಿನ ಗಿಡದ ಕಟ್ಟೆಯ ಮೇಲೆ ಕೂತು, ಅಲ್ಲಿಂದ ಕಾಣುವ ಹೊಲದಲ್ಲಿ ಏನಿದೆಯೋ ಅದನ್ನೇ ಊರಿಗೆಲ್ಲ ಬರೆಯುವುದು. ಆ ವರ್ಷ ಕಂಡದ್ದು ಜೋಳ.

"ನನ್ನ ಹೊಲದಾಗ ಹತ್ತಿ ಐತೋ ಯಪ್ಪಾ, ಬಂದು ನೋಡು" ಅಂದಳು ದೊಡ್ಡವ್ವ.

"ಬಿಸಲು ಭಾಳ ಐತಿ ಬೇ."

ಹತ್ತಿ ಜೋಳವಾಯಿತು. ಆ ಊರ ಕೆರೆಯೂ ಜೋಳವಾಯಿತು. ಚಳಿಗಾಲಕ್ಕೆ ನಮ್ಮ ಪಕ್ಕದ ಮಾಗಡಿ ಕೆರೆಗೆ ಬಂದಿಳಿಯುವ ಹಕ್ಕಿಗಳಿಗೆ ಯಾರೂ ಈ ಖಬರ ಮುಟ್ಟಿಸಲಿಲ್ಲ, ಪುಣ್ಯ. ಊಟಕ್ಕೆಂದು ಇಲ್ಲಿಗೆ ಬಂದು ಉಪವಾಸ ಹೋಗುತ್ತಿದ್ದವು.

೨. ಗಾದಿಯ ಸಾಕ್ಷಿ

ದೊಡ್ಡವ್ವನನ್ನು ಕರಕೊಂಡು ಸಬ್ಸಿಡಿ ಮಂಜೂರು ಮಾಡುವ ಸಾಹೇಬರ ಕಚೇರಿಗೆ ಹೋದೆ.

"ಇಲ್ಲಿ ಜೋಳ ಅಂತ ಐತಿ. ಜೋಳಕ್ಕ ಸಬ್ಸಿಡಿ ಇಲ್ಲ" ಅಂದರು.

"ಹೊಲದಾಗ ಹತ್ತಿ ಐತ್ರಿ."

"ಹೊಲ ತಪ್ಪಿರಬೇಕು. ಕಾಗದ ತಪ್ಪೂದಿಲ್ಲ."

ನನಗೆ ಮೈ ಉರಿಯಿತು. "ಸಾಹೇಬ್ರ, ನೀವು ಕುಂತ ಗಾದಿ ಹೊಲಿದಾಂವ ನಾನು. ಒಳಗಿರೂದು ಇದೇ ದೊಡ್ಡವ್ವನ ಹೊಲದ ಹತ್ತಿ. ಸಾಕ್ಷಿ ಮ್ಯಾಲ ಕುಂತು ಸಾಕ್ಷಿ ಇಲ್ಲ ಅಂತೀರಲ್ರಿ!"

ಸಾಹೇಬರು ಅರ್ಧ ಎದ್ದರು, ಗಾದಿ ಒತ್ತಿ ನೋಡಿದರು, ಮತ್ತೆ ಕೂತರು. "ಗಾದಿ ಸರಕಾರದ್ದು. ಸರಕಾರದ ವಿರುದ್ಧ ಅದು ಸಾಕ್ಷಿ ಹೇಳೂದಿಲ್ಲ."

ದೊಡ್ಡವ್ವ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. "ನೀವು ಬಂದು ಹೊಲ ನೋಡೂತನಕ ಏಳೂದಿಲ್ಲ." ಸಂಜೆ ಮನೆಗೆ ಹೋಗಬೇಕಲ್ಲ, ಸಾಹೇಬರು ಒಪ್ಪಿದರು. "ಆತು, ಗುರುವಾರ ಬರ್ತೀನಿ."

ಸದ್ಯ, ಗಾದಿ ಬಿಚ್ಚಿಸಲಿಲ್ಲ. ಒಳಗೆ ಇದ್ದದ್ದು ಮುಂಡರಗಿಯ ಹಳೆ ಚಿಂದಿ.

೩. ಸಾಹೇಬರ ಊಟ

ಗುರುವಾರ ಮಧ್ಯಾಹ್ನ ಸಾಹೇಬರು, ತಲಾಠಿ ಇಬ್ಬರೂ ದೊಡ್ಡವ್ವನ ಮನೆ ಮುಂದೆ ಜೀಪಿನಿಂದ ಇಳಿದರು. ಹಳ್ಳಿಗೆ ಬಂದ ಸಾಹೇಬರು ಮೊದಲು ಉಣ್ಣುತ್ತಾರೆ. ಉಂಡ ಮೇಲೆ ನಿದ್ದೆ ಬರುತ್ತದೆ, ಹೊಲ ಅಲ್ಲಿಯೇ ಉಳಿಯುತ್ತದೆ. ಇದು ನಮಗೆ ಗೊತ್ತಿತ್ತು.

ತಾಟು ಬಂತು. ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರಿನ ಖಾಲಿ ಬಟ್ಟಲು, ಬೆಳ್ಳಗಿನ ಮೂರು ರೊಟ್ಟಿ. ಸಾಹೇಬರು ತಲಾಠಿ ಜೊತೆ ಮಾತಾಡುತ್ತಲೇ ರೊಟ್ಟಿ ಮುರಿದರು. ಅದು ಎಳೆ ಎಳೆಯಾಗಿ ಬಂತು. ಆದರೂ ಎಣಗಾಯಿಗೆ ಅದ್ದಿ ಬಾಯಿಗಿಟ್ಟುಕೊಂಡರು. ಅಗಿದರು. ಮತ್ತೆ ಅಗಿದರು.

"ಏನಬೇ ಇದು?"

"ಜೋಳದ ರೊಟ್ರಿ. ನಿಮ್ಮ ಕಾಗದದಾಗಿನ ಜೋಳ. ಹಿಂಜಿ ದುಂಡಗ ಬಡದಾಂವ ಇಂವ." ನನ್ನ ಕಡೆ ಬೆರಳು ಮಾಡಿದಳು.

"ಏ, ಇದು ಹತ್ತಿ ಐತಿ!"

ಬಾಗಿಲಲ್ಲಿ ನೆರೆದಿದ್ದ ಊರೆಲ್ಲ ಕೇಳಿತು. ದೊಡ್ಡವ್ವ ತಲಾಠಿಯ ಕಡೆ ತಿರುಗಿದಳು. "ಕೇಳಿದೇನೋ ತಮ್ಮಾ? ಸಾಹೇಬ್ರು ಹತ್ತಿ ಅಂದ್ರು. ಹಾಂಗಂತ ಬರಿ. ಸಾಹೇಬ್ರ, ನೀವು ಸಹಿ ಹಾಕ್ರಿ. ಖರೆ ರೊಟ್ಟಿ ಒಲಿ ಮುಂದ ಆರಾಕತ್ತಾವು."

ತಲಾಠಿ ಬರೆದ. ಸಾಹೇಬರು ಬಾಯಲ್ಲಿನ ಹತ್ತಿ ಉಗುಳುವ ಮೊದಲೇ ಸಹಿ ಹಾಕಿದರು.

ಎಮ್ಮಿ ಮನೆಗೆ ಬಂತು. ಈಗ ಈ ಅಂಗಡಿಯಲ್ಲಿ ನೀವು ಕುಡಿದಿರಲ್ಲ, ಆ ಚಾದ ಹಾಲು ಅದೇ ಎಮ್ಮಿಯ ಮೊಮ್ಮಗಳದ್ದು. ನಂಬಿಕೆ ಇಲ್ಲೇನ್ರಿ? ಬೇಕಾದರೆ ಕಾಗದದ ಮೇಲೆ ಬರೆದುಕೊಡುತ್ತೇನೆ. ನನ್ನ ಚಾದ ರೊಕ್ಕ ಮಾತ್ರ ನೀವೇ ಕೊಟ್ಟುಬಿಡ್ರಿ.