ಕೆರೆ ಅಂಗಳದ ಹಲ್ಲಿಲ್ಲದ ದೆವ್ವ

ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಯಾವ ಊರಿಗಾದರೂ ಹೋಗಿ. ಕುರಿ ಸತ್ತರೆ ಜನ ಮೊದಲು ಪಕ್ಕದ ಮನೆಯವರ ಮುಖ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. ಸತ್ತ ಕುರಿಯ ಮುಖ ಮಾತ್ರ ಯಾರೂ ನೋಡುವುದಿಲ್ಲ. ಇದನ್ನು ಸಂತೆಮರಹಳ್ಳಿಯ ಸಂತೆಯಲ್ಲಿ ಪೆಟ್ಟಿಗೆಯ ಮೇಲೆ ನಿಂತು ಕೂಗಿ ಹೇಳಿದ್ದೇನೆ. ನನ್ನ ಗಂಟಲು ಹೋಯಿತು, ಅವರ ಕುರಿ ಹೋಯಿತು, ಬುದ್ಧಿ ಬರಲಿಲ್ಲ. ಹರವೆ ಕಡೆಯ ಒಂದು ಊರಿನಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ನಗು ಬಂದರೆ ನಗಿ. ನನಗೆ ಆಗ ಬಂದದ್ದು ಸಿಟ್ಟು. ಒಂದೆರಡು ಸಲ, ಸುಳ್ಳೇಕೆ, ಭಯವೂ ಬಂತು.

ಬಿಳಿ ಕಣ್ಣು

ಆ ಊರಿನ ಕೊನೆಮನೆಯ ಅಕ್ಕನಿಗೆ ಗಂಡನಿಲ್ಲ, ಹೊಲವಿಲ್ಲ. ಇರುವುದು ಒಂದು ಕುರಿಮಂದೆ. ಮನೆಯ ಒಲೆ ಉರಿಯುವುದು ಅದರಿಂದಲೇ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕುರಿಗಳು ಸಾಯತೊಡಗಿದವು. ಊರೂರು ತಿರುಗಿ ಕುರಿಗಳ ಕಾಯಿಲೆ ನೋಡುವವನು ನಾನು. ಹೇಳಿಕಳಿಸಿದಳು, ಹೋದೆ.

ಕುರಿದೊಡ್ಡಿ ಎಂದರೆ ಕೆಮ್ಮು, ಸೀನು, ಅರಚಾಟ, ಗುದ್ದಾಟ. ಅಲ್ಲಿ ಸದ್ದೇ ಇರಲಿಲ್ಲ. ಎಲ್ಲವೂ ತಲೆ ತಗ್ಗಿಸಿ ನಿಂತಿದ್ದವು. ಒಂದೊಂದರ ಗದ್ದದ ಕೆಳಗೂ ನೀರು ತುಂಬಿದ ಚೀಲದಂಥ ಊತ. ನಾನು ನೋಡುತ್ತಿರುವಾಗಲೇ ಒಂದು ಕುರಿ ಮುಂಗಾಲು ಮಡಿಸಿ, ನಿದ್ದೆಗೆ ಮಲಗುವಂತೆ ಮಲಗಿ, ಸತ್ತೇಹೋಯಿತು. ಪಕ್ಕದ ಕುರಿ ತಿರುಗಿಯೂ ನೋಡಲಿಲ್ಲ. ಇನ್ನೊಂದರ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಾಗಿರಬೇಕಾದ ಜಾಗ ಸುಣ್ಣ ಬಳಿದ ಗೋಡೆಯಂತಿತ್ತು. ಮೈಮೇಲೆ ಒಂದು ಗೀರು ಗಾಯವಿಲ್ಲ, ಒಳಗೆ ರಕ್ತವಿಲ್ಲ.

ಬೇಲಿಯ ಆಚೆ ಊರೇ ನಿಂತಿತ್ತು. ಒಳಗೆ ಬರಲು ಒಬ್ಬರೂ ಸಿದ್ಧರಿಲ್ಲ. ಊರ ಯಜಮಾನರು ಅಲ್ಲಿಂದಲೇ ಹೇಳಿದರು:

"ಕೆರೆ ಅಂಗಳದಲ್ಲಿ ಒಂದದೆ ಕಣಪ್ಪ. ಬೆಳಿಗ್ಗೆ ಮಂಜಲ್ಲಿ ಬತ್ತದೆ, ರಕ್ತ ಈರ್ಕಂಡು ಓಯ್ತದೆ."

"ಸರಿ ಯಜಮಾನ್ರೆ, ಈರಿದ್ದು ಎಲ್ಲಿಂದ? ಒಂದಾದ್ರೂ ಹಲ್ಲಿನ ಗುರ್ತು ತೋರ್ಸಿ."

ಯಜಮಾನರು ಬೇಲಿಯ ಮೇಲಿಂದ ಕತ್ತು ಚಾಚಿ ಕುರಿಯನ್ನೊಮ್ಮೆ ನೋಡಿದರು.

"ಅದು ನಮ್ತಾತನ ಕಾಲದ್ದು ಕಣಪ್ಪ. ಅದ್ರ ಬಾಯ್ನ ಅಲ್ಲೆಲ್ಲ ಉದುರೋಗವೆ."

ಹೊರಳುವ ದಾರ

ಸತ್ತ ಕುರಿಯನ್ನು ಎಲ್ಲರ ಕಣ್ಣೆದುರೇ ಕೊಯ್ದೆ. ಹೊಟ್ಟೆಯ ಕೊನೆಯ ಚೀಲ ಬಿಡಿಸಿದರೆ ಒಳಗೆ ದಾರ. ಕೂದಲಿಗಿಂತ ಸ್ವಲ್ಪ ದಪ್ಪ. ಕೆಂಪು ಎಳೆ, ಬಿಳಿ ಎಳೆ ಸೇರಿಸಿ ಯಾರೋ ಬಿಡುವಾಗಿ ಕೂತು ಹೊಸೆದಂತಿತ್ತು. ಅಂಥವು ಹಿಡಿಗಟ್ಟಲೆ. ಬೆಳಕು ಬಿದ್ದದ್ದೇ ಎಲ್ಲವೂ ನಿಧಾನವಾಗಿ ಹೊರಳಿದವು. ಬೇಲಿಯ ಆಚೆಯ ಜನ ಒಟ್ಟಿಗೆ ಹಿಂದೆ ಸರಿದ ಸದ್ದು ಕೇಳಿಸಿತು.

"ಇದೇ ನಿಮ್ ದೆವ್ವ," ಎಂದೆ. "ಜಂತುಹುಳ. ಒಳಗೆ ಕೂತು ರಕ್ತ ಕುಡೀತದೆ. ಕೆಂಪಗೆ ಕಾಣೋದು ಕುಡ್ದಿರೋ ರಕ್ತ, ಬೆಳ್ಳಗಿರೋದು ಅದ್ರ ಮೊಟ್ಟೆಚೀಲ."

ಯಾರು ಕೇಳುತ್ತಾರೆ? ಕೆಂಪು ಬಿಳಿ ದಾರ ಎಂದರೆ ಮಾಟ, ಮುಗಿಯಿತು. ಮಾರಮ್ಮನ ಗುಡಿಯ ಪೂಜಾರಪ್ಪ ಧೈರ್ಯ ಮಾಡಿ ಒಳಗೆ ಬಂದ. "ಗಂಟು ಬಿಚ್ಚುದ್ರೆ ಸರಿ ಓಯ್ತದೆ" ಎಂದು ಬೆರಳು ಚಾಚಿದ. ದಾರ ಬೆರಳಿಗೆ ಸುತ್ತಿಕೊಂಡಿತು. ಪೂಜಾರಪ್ಪ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಗುಡಿಯವರೆಗೂ ಓಡಿದ.

ಯಜಮಾನರು ತೀರ್ಪು ಕೊಟ್ಟರು: "ಯಾರ್ ಒಟ್ಟೇಲಿ ಈ ದಾರ ಸಿಕ್ತದೋ ಅವ್ರು ಈ ಊರಿಗೆ ಆಗಿಬರಲ್ಲ. ಇನ್ನೊಂದ್ಸಲ ಸಿಕ್ಕುದ್ರೆ ಮುಂದ್ಲ ಮಂಗ್ಳಾರದೊಳ್ಗೆ ಊರು ಬುಡ್ಬೇಕು."

"ಕುರಿ ಬುಡ್ಬೇಕಾ, ನಾನು ಬುಡ್ಬೇಕಾ?" ಎಂದಳು ಅಕ್ಕ.

"ಕುರಿ ಓದ್ಮೇಲೆ ನೀನಿಲ್ಲಿದ್ದು ಏನ್ ಮಾಡೀಯೆ?"

ಊರಲ್ಲಿ ಬೇರೆಯವರ ಕುರಿಗಳೂ ಸೊರಗಿದ್ದವು. ಅವರು ಬಾಯಿ ಬಿಡಲಿಲ್ಲ. ಹೊಲವಿಲ್ಲದವಳ ಕುರಿಗೆ ಮಾತ್ರ ದೆವ್ವ ಹಿಡಿಯುತ್ತದೆ, ಹೊಲವಿದ್ದವರ ಕುರಿಗೆ ನೆಗಡಿ. ಇನ್ನು ಪೂಜಾರಪ್ಪ ಆ ಬೆರಳನ್ನು ಸಂಜೆಯವರೆಗೂ ಮಡಿಸಲಿಲ್ಲವಂತೆ. ಹೆಂಡತಿಯೇ ತುತ್ತು ಮಾಡಿ ಉಣ್ಣಿಸಿದಳಂತೆ.

ಅರ್ಧ ಔಷಧಿ

ಅಕ್ಕನಿಗೆ ನೆರವಾಗಲು ಭೀಮನಬೀಡಿನಿಂದ ಅವಳ ತಮ್ಮ ಬಂದ. ಪಶು ಆಸ್ಪತ್ರೆಯಿಂದ ಜಂತಿನ ಔಷಧಿ ತಂದೆವು. ತೂಕಕ್ಕೆ ತಕ್ಕಂತೆ ಕುಡಿಸಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಈ ಮಹಾಶಯ ಅಳತೆ ಲೋಟಕ್ಕೆ ಅರ್ಧರ್ಧ ಸುರಿದುಕೊಂಡು ಕೂತಿದ್ದ.

"ಯಾಕ್ಲಾ ಅರ್ಧ?"

"ಅರ್ಧ ಉಳ ಸಾಯ್ಲಿ ಕಣಣ್ಣ. ಅದ ನೋಡಿ ಇನ್ನರ್ಧ ಎದ್ರಿ ಓಡೋಯ್ತವೆ."

ಅವನನ್ನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಹುಳ ಹೆದರುವುದಿಲ್ಲ. ಅರ್ಧ ಔಷಧಿಗೆ ಸಾಯದೆ ಉಳಿದದ್ದು ಗಟ್ಟಿ ಹುಳ, ಅದು ಇಡುವ ಮೊಟ್ಟೆಯಿಂದ ಬರುವುದೂ ಗಟ್ಟಿ ಹುಳ. ಹೀಗೆ ಅರ್ಧರ್ಧ ಕುಡಿಸುತ್ತಾ ಹೋದರೆ ಕೊನೆಗೆ ಬಾಟಲಿಯನ್ನೇ ನುಂಗಿಸಿದರೂ ಅದು ಜಗ್ಗುವುದಿಲ್ಲ. ಆಮೇಲೆ ಪ್ರತಿ ಕುರಿಯ ತೂಕ ನೋಡಿ, ಶ್ವಾಸಕ್ಕೆ ಹೋಗದಂತೆ ತಲೆ ಮೇಲೆತ್ತದೆ, ಕೆನ್ನೆಯ ಒಳಗಿನಿಂದ ನಿಧಾನವಾಗಿ ಪೂರ್ತಿ ಕುಡಿಸಿದೆವು.

ರೆಪ್ಪೆಯೊಳಗೆ ಮೆಲ್ಲಗೆ ಕೆಂಪು ಬಂತು. ದೊಡ್ಡಿಗೆ ಸದ್ದು ಬಂತು. "ಇವುಗಳ ಗಲಾಟೆಲಿ ನಿದ್ದೆ ಬರಲ್ಲ ಕಣಣ್ಣ" ಎಂದು ಅಕ್ಕ ನಗುತ್ತಾ ದೂರು ಹೇಳಿದಳು.

ಕೆಲವು ವಾರ ಕಳೆಯಿತು. ಒಂದು ದಿನ ಹೋದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ದೊಡ್ಡಿಯ ಕಡೆ ಕೈ ತೋರಿಸಿದಳು. ದೊಡ್ಡಿಯಲ್ಲಿ ಮತ್ತೆ ಅದೇ ಮೌನ. ತಲೆ ತಗ್ಗಿಸಿ ನಿಂತ ಅವೇ ಕುರಿಗಳು. ನಾವು ತೆಗೆದದ್ದನ್ನು ಯಾರೋ ವಾಪಸ್ ತುಂಬಿದಂತೆ. ನಾನು ಬೇಲಿಯ ಹೊರಗೇ ನಿಂತುಬಿಟ್ಟೆ. ತಮ್ಮ ಮಾತ್ರ ಗೋಡೆಗೆ ಒರಗಿ ಕೂತು ಹೇಳಿದ:

"ನಾನೇಳ್ಲಿಲ್ವ? ಉಳ ಎದ್ರಿ ಓಡೋಗಿತ್ತು. ಈಗ ಧೈರ್ಯ ಬಂದು ವಾಪಸ್ ಬಂದದೆ."

ಮಂಜಿನಲ್ಲಿ ಬಂದದ್ದು

ಒಂದು ಕುರಿ ಸತ್ತಿತು. ಯಜಮಾನರು ಜನ ಕರೆಸಿ ಹೊಟ್ಟೆ ಕೊಯ್ಯಿಸಿದರು. ದಾರ ಸಿಕ್ಕಿತು. ಮಂಗಳವಾರದ ಮಾತನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. ಅಕ್ಕ ಅಳಲಿಲ್ಲ. ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು.

ಮಾರನೆಯ ಬೆಳಗು ನಾವು ಮೂವರೂ ಮಂದೆಯ ಜೊತೆ ಕೆರೆ ಅಂಗಳಕ್ಕೆ ಹೋದೆವು. ನೀರು ಹಿಂದೆ ಸರಿದ ಜಾಗದಲ್ಲಿ ಎಳೆ ಹುಲ್ಲು. ತುದಿ ತುದಿಯಲ್ಲಿ ಇಬ್ಬನಿ. ಕೈಯಳತೆಯ ಆಚೆ ಏನೂ ಕಾಣದಷ್ಟು ಮಂಜು. ಇದ್ದಕ್ಕಿದ್ದಂತೆ ಎಲ್ಲ ಕುರಿಗಳೂ ಮೇಯುವುದು ಬಿಟ್ಟು ತಲೆಯೆತ್ತಿ ಒಂದೇ ಕಡೆ ನೋಡಿದವು.

ಮಂಜಿನೊಳಗಿಂದ ಏನೋ ಬರುತ್ತಿತ್ತು. ಗಂಟೆಯ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ದೊಡ್ಡ ತಲೆ, ಸುತ್ತಿಕೊಂಡ ಕೊಂಬು, ಹಣೆಯಲ್ಲಿ ಕೆಂಪು. ಗದ್ದದ ಕೆಳಗೆ ಚೀಲವೊಂದು ತೂಗಾಡುತ್ತಿತ್ತು. ನನ್ನ ಎದುರಿಗೇ ಬಂದು ನಿಂತು ದಿಟ್ಟಿಸಿತು. ಕಣ್ಣಿನ ಅಂಚು ಸುಣ್ಣದಷ್ಟು ಬಿಳಿ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅಕ್ಕ ಕೈಮುಗಿದಳು. "ಅಮ್ಮನ ಟಗರು ಕಣಣ್ಣ. ಮಾರಮ್ಮನಿಗೆ ಅಂತ ಬುಟ್ಟಿರೋದು."

ತಮ್ಮ ಎಲ್ಲಿ ಎಂದು ನೋಡಿದರೆ ಜಾಲಿಮರದ ಮೇಲಿದ್ದ. ಅವನು ಹತ್ತಿದ್ದು ನಾವು ನೋಡಲಿಲ್ಲ. ಮುಳ್ಳು ಕೀಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ತೀರ್ಥ

ದೆವ್ವ ಸಿಕ್ಕಿತ್ತು. ಅಮ್ಮನಿಗೆ ಬಿಟ್ಟ ಟಗರನ್ನು ಯಾರೂ ಕಟ್ಟುವಂತಿಲ್ಲ, ಹಿಡಿಯುವಂತಿಲ್ಲ, ಅದರ ಬಾಯಿಗೆ ಔಷಧಿ ಹಾಕುವಂತಿಲ್ಲ. ಮನೆಮನೆಯಲ್ಲಿ ಅಕ್ಕಿ ಬೆಲ್ಲ ತಿನ್ನುತ್ತದೆ, ಮನಸ್ಸು ಬಂದ ದೊಡ್ಡಿಯಲ್ಲಿ ಮಲಗುತ್ತದೆ, ಕೆರೆ ಅಂಗಳದ ತುಂಬ ಹಿಕ್ಕೆ ಹಾಕುತ್ತದೆ. ಹಿಕ್ಕೆಯಲ್ಲಿ ಹುಳದ ಮೊಟ್ಟೆ. ಒಡೆದು ಬಂದ ಮರಿ ಇಬ್ಬನಿಯ ಹುಲ್ಲಿಗೆ ಹತ್ತಿ ಕೂರುತ್ತದೆ. ಅಕ್ಕನಿಗೆ ಬೇರೆ ಮೇವಿಲ್ಲ, ಅವಳ ಕುರಿ ಎಲ್ಲರಿಗಿಂತ ಮೊದಲು ಅಲ್ಲಿ ಬಾಯಿ ಹಾಕುತ್ತದೆ. ನಾವು ಎಷ್ಟು ತೆಗೆದರೂ ಅಮ್ಮನ ಟಗರು ಅಷ್ಟನ್ನೂ ವಾಪಸ್ ಹಂಚುತ್ತಿತ್ತು.

ಶುಕ್ರವಾರ ಗುಡಿಯ ಮುಂದೆ ಇದನ್ನೇ ಹೇಳಿದೆ. ಯಜಮಾನರು ಕೆರಳಿದರು.

"ಅಮ್ಮನ ಟಗರಿಗೆ ಉಳ ಬತ್ತದೇನ್ಲಾ?"

"ಅಮ್ಮನ ಗುಡಿ ಬಾಗ್ಲಿಗೆ ಗೆದ್ದಲು ಬಂದದಲ್ಲ ಯಜಮಾನ್ರೆ, ಅದ್ಯಾರ್ನ ಕೇಳಿ ಬಂತು?"

ಎಲ್ಲರೂ ಬಾಗಿಲು ನೋಡಿದರು. ಪೂಜಾರಪ್ಪನಿಗೆ ಆ ಬೆರಳು ನೆನಪಾಯಿತೋ ಏನೋ, ದಾರಿ ಅವನೇ ಹುಡುಕಿದ. ಔಷಧಿ ಕುಡಿಸುವಂತಿಲ್ಲ, ತೀರ್ಥ ಕುಡಿಸಬಹುದು. ಬಾಟಲಿಯನ್ನು ಅಮ್ಮನ ಪಾದದ ಹತ್ತಿರ ಇಟ್ಟು ಮಂಗಳಾರತಿ ಎತ್ತಿದ. ಆಮೇಲೆ ಒಂದೇ ಒಂದು ಉದ್ಧರಣೆ ಚಮಚದಷ್ಟು ತೀರ್ಥ ಹಿಡಿದುಕೊಂಡು ಟಗರಿನ ಹತ್ತಿರ ಬಂದ.

"ಸಾಲಲ್ಲ," ಎಂದೆ.

"ಭಕ್ತಿಗೆ ತೂಕ ಇದ್ದದಾ?"

"ಭಕ್ತಿಗಿಲ್ಲ, ಟಗರಿಗದೆ. ಪೂರ್ತಿ ಉಯ್ಯಿ."

ಆಗ ಇನ್ನೊಂದು ಕಟ್ಟಳೆ ಎದ್ದಿತು. ಈ ಊರಿನಲ್ಲಿ ಯಜಮಾನರು ತೆಗೆದುಕೊಳ್ಳದೆ ತೀರ್ಥ ಇನ್ಯಾರ ಬಾಯಿಗೂ ಹೋಗುವುದಿಲ್ಲ. ಅದು ಕುರಿಗೆ ಮಾಡಿದ ಔಷಧಿ, ಮನುಷ್ಯರು ಕುಡಿಯಬಾರದು ಎಂದು ಗಂಟಲು ಹರಿಯುವಂತೆ ಕೂಗಿದೆ. "ಕುರಿಗಿಂತ ಇಂದೆ ನಿಂತ್ಕಳನಾ ನಾನು?" ಎಂದವರೇ ಯಜಮಾನರು ಅಂಗೈ ಚಾಚಿ, ಹೀರಿ, ಉಳಿದದ್ದನ್ನು ತಲೆಗೆ ಸವರಿಕೊಂಡರು. ಅವರು ಬಾಯಿ ಒರೆಸಿಕೊಂಡ ಮೇಲೆಯೇ ಟಗರಿನ ಬಾಯಿ ತೆರೆದದ್ದು. ಟಗರು ಕುಡಿದದ್ದೇ ತಡ, ಊರಿನವರೆಲ್ಲ ತಮ್ಮ ಕುರಿಗೂ ತೀರ್ಥ ಬೇಕೆಂದು ಸಾಲು ನಿಂತರು.

ಶನಿವಾರ ಬೆಳಿಗ್ಗೆ ಅಕ್ಕನ ದೊಡ್ಡಿಯಲ್ಲಿದ್ದೆ. ಬಿಸಿಲೇರಿ ಇಬ್ಬನಿ ಆರುವ ತನಕ ಮಂದೆ ಹೊರಡಿಸಬೇಡ ಎಂದು ಹೇಳುತ್ತಿದ್ದೆ. ಅವಳು ಬೇಲಿ ಕಟ್ಟುತ್ತಾ ಕೇಳುತ್ತಿದ್ದಳು. ಪಾತ್ರೆಗಳು ಇನ್ನೂ ಬಾಗಿಲ ಬಳಿ ಜೋಡಿಸಿದಂತೆಯೇ ಇದ್ದವು. ಯಜಮಾನರು ಬಂದರು. ಮುಖ ಬೂದಿ. ನನ್ನ ತೋಳು ಹಿಡಿದು ಮೂಲೆಗೆ ಎಳೆದರು.

"ಬೆಳಿಗ್ಗೆ ಬಯ್ಲ್ ಕಡೀಕೆ ಓಗಿದ್ದೆ ಕಣಪ್ಪ," ಎಂದು ಪಿಸುಗುಟ್ಟಿದರು. "ದಾರ ಬಿತ್ತು. ಇಷ್ಟುದ್ದ. ಒರಳ್ತಿತ್ತು. ನನ್ ಒಟ್ಟೇಲೂ ಯಾರೋ ಮಾಟ ಮಡಗವ್ರೆ."

ನಾನು ಬಾಯಿ ತೆರೆಯುವ ಮೊದಲೇ ಬೇಲಿಯ ಕಡೆಯಿಂದ ಅಕ್ಕನ ದನಿ ಬಂತು. ಅವಳು ತಲೆಯೆತ್ತಿರಲಿಲ್ಲ, ಕೈಯಲ್ಲಿದ್ದ ಗಂಟನ್ನೇ ಬಿಗಿಯುತ್ತಿದ್ದಳು.

"ಗಾಬ್ರಿ ಆಗ್ಬೇಡಿ ಯಜಮಾನ್ರೆ. ಮಂಗ್ಳಾರಕ್ಕೆ ಇನ್ನೂ ಟೇಮದೆ. ನಿದಾನಕ್ಕೆ ಗಂಟುಮೂಟೆ ಕಟ್ಕಳಿ."